ಒಂದು ಬೈಟಿಗೆ ಎಷ್ಟು ಜಾಗ ಬೇಕು?

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡಿ. ಐಬಿಎಂ ಕಂಪೆನಿ 1989ರಲ್ಲಿ ತಂದ 3390 ಎಂಬ ಮೈನ್‌ಫ್ರೇಮ್ ಡಿಸ್ಕಿನ ಒಂದು ಟ್ರ್ಯಾಕ್‌ನಲ್ಲಿ, ಅಂದರೆ ತಟ್ಟೆಯ ಮೇಲಿನ ಒಂದು ಸುತ್ತಿನಲ್ಲಿ, 56,664 ಬೈಟ್ ಮಾಹಿತಿ ಹಿಡಿಯುತ್ತದೆ. ಅದೇ ಟ್ರ್ಯಾಕ್‌ನಲ್ಲಿ ಒಂದೊಂದೇ ಬೈಟಿನ ಬ್ಲಾಕ್‌ಗಳನ್ನು ಬಿಡಿಬಿಡಿಯಾಗಿ ಬರೆಯುತ್ತಾ ಹೋದರೆ ಎಷ್ಟು ಹಿಡಿದೀತು?

ಐವತ್ತಾರು ಸಾವಿರ ಅಂದಿರಾ? ಸ್ವಲ್ಪ ಕಡಿಮೆ ಮಾಡಿ ಐದು ಸಾವಿರ? ಇಲ್ಲ ಮಾರಾಯ್ರೆ. ಬರೇ 86.

ಐವತ್ತಾರು ಸಾವಿರ ಜನ ಕೂರುವ ಮೈದಾನದಲ್ಲಿ 86 ಜನ ಕೂತು 'ಹೌಸ್‌ಫುಲ್' ಬೋರ್ಡು ಹಾಕಿದ ಹಾಗೆ. ಉಳಿದ ಜಾಗ ಎಲ್ಲಿ ಹೋಯಿತು ಎಂಬುದೇ ಇವತ್ತಿನ ಬರಹ. ಕಂಪ್ಯೂಟರ್ ಚರಿತ್ರೆ ಅಂದರೆ ಎಲ್ಲರೂ ಎಷ್ಟು ವೇಗ ಹೆಚ್ಚಿತು, ಎಷ್ಟು ಮೆಗಾಬೈಟ್ ಎಷ್ಟು ಗಿಗಾಬೈಟ್ ಆಯಿತು ಎಂದು ಬರೆಯುತ್ತಾರೆ. ಎರಡು ಬ್ಲಾಕ್‌ಗಳ ನಡುವಿನ ಖಾಲಿ ಜಾಗದ ಚರಿತ್ರೆಯನ್ನು ಯಾರೂ ಬರೆದ ಹಾಗೆ ಕಾಣಲಿಲ್ಲ. ನಾನು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅನ್ನ ತಿಂದದ್ದು ಮೈನ್‌ಫ್ರೇಮಿನ ಹೆಸರಲ್ಲಿ. ಹಾಗಾಗಿ ಈ ಋಣ ನನ್ನ ಮೇಲಿದೆ ಅಂದುಕೊಳ್ಳಿ :-)

ಮೊದಲು 'ಬ್ಲಾಕ್' ಅಂದರೇನು ಅಂತ ಹೇಳಿಬಿಡುತ್ತೇನೆ. ಒಂದು ಸಲಕ್ಕೆ, ಒಂದೇ ಗುಕ್ಕಿನಲ್ಲಿ, ಟೇಪಿನ ಅಥವಾ ಡಿಸ್ಕಿನ ಮೇಲೆ ಬರೆಯುವಷ್ಟು ಮಾಹಿತಿಯೇ ಬ್ಲಾಕ್. ರೆಕಾರ್ಡ್ ಬೇರೆ. ಒಬ್ಬ ಗ್ರಾಹಕನ ವಿವರ ಒಂದು ರೆಕಾರ್ಡ್. ಒಂದು ಬ್ಲಾಕ್‌ನಲ್ಲಿ ಒಂದೇ ರೆಕಾರ್ಡ್ ಇಡಬಹುದು, ನೂರನ್ನೂ ತುಂಬಬಹುದು.

ನಮ್ಮ ಬಂಟ್ವಾಳದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಮೇಲಿನ ಸರಕು ಚಾರ್ಮಾಡಿ ಇಳಿದು, ಬೆಳ್ತಂಗಡಿ ದಾಟಿ, ಎತ್ತಿನ ಗಾಡಿಗಳಲ್ಲಿ ಬಂಟ್ವಾಳಕ್ಕೆ ಬರುತ್ತಿತ್ತು. ಅಲ್ಲಿಂದ ನೇತ್ರಾವತಿಯಲ್ಲಿ ದೋಣಿ ಏರಿ ಮಂಗಳೂರಿಗೆ. ದೋಣಿಯವನಿಗೆ ಒಂದು ಮೂಟೆ ಇದ್ದರೂ ಹುಟ್ಟು ಹಾಕುವುದು ತಪ್ಪಲಿಲ್ಲ, ನಲವತ್ತು ಮೂಟೆ ಇದ್ದರೂ ಅಷ್ಟೇ ದಾರಿ. ಹಾಗಾಗಿ ಒಂದು ಮೂಟೆಗೆ ಯಾರೂ ದೋಣಿ ಬಿಡುವುದಿಲ್ಲ. ಮೂಟೆ ರೆಕಾರ್ಡ್, ದೋಣಿ ಬ್ಲಾಕ್. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈಗ ಟೇಪಿಗೆ ಬರೋಣ.

1952ರಲ್ಲಿ ಐಬಿಎಂ ತನ್ನ 701 ಯಂತ್ರದ ಜೊತೆ 726 ಎಂಬ ಟೇಪ್ ಡ್ರೈವ್ ಹೊರತಂದಿತು. ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಟೇಪು. ಇಂಚಿಗೆ 100 ಅಕ್ಷರ, ಸೆಕೆಂಡಿಗೆ 75 ಇಂಚು ಓಟ. ಹಾಡು ಕೇಳುವ ಕ್ಯಾಸೆಟ್ಟಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಹಾಡು ಒಂದೇ ಸಮನೆ ಓಡುತ್ತದೆ. ಕಂಪ್ಯೂಟರ್ ಟೇಪು ಹಾಗಲ್ಲ. ಒಂದು ಬ್ಲಾಕ್ ಓದಿ ನಿಲ್ಲಬೇಕು, ಯಂತ್ರ ಲೆಕ್ಕ ಮುಗಿಸುವ ತನಕ ಕಾಯಬೇಕು, ಮತ್ತೆ ಫಕ್ಕನೆ ಹೊರಡಬೇಕು. ತೂಕದ ಸುರುಳಿಯನ್ನು ಹೀಗೆ ಎಳೆದು ಬಿಟ್ಟರೆ ಟೇಪು ತುಂಡಾಗುತ್ತದೆ. ಅದಕ್ಕೆ ಎರಡು ಕಡೆಯೂ ಗಾಳಿ ಎಳೆಯುವ ಉದ್ದ ಕೊಳವೆಗಳನ್ನಿಟ್ಟು, ಅವುಗಳಲ್ಲಿ ಸ್ವಲ್ಪ ಟೇಪನ್ನು ಸಡಿಲವಾಗಿ ತೂಗುಬಿಟ್ಟರು. ಹೆಡ್ಡಿನ ಹತ್ತಿರದ ಹಗುರ ಟೇಪು ಮಾತ್ರ ಜಿಗಿಯುತ್ತದೆ, ಸುರುಳಿ ತನ್ನ ಪಾಡಿಗೆ ನಿಧಾನಕ್ಕೆ ಸುತ್ತುತ್ತದೆ. ಹಳೆಯ ಸಿನೆಮಾಗಳಲ್ಲಿ ಕಂಪ್ಯೂಟರ್ ಅಂದರೆ ಎರಡು ಚಕ್ರ ಕುಂಟುತ್ತಾ ಕುಂಟುತ್ತಾ ತಿರುಗುವುದನ್ನು ತೋರಿಸುತ್ತಾರಲ್ಲ, ಆ ಕುಂಟು ಓಟಕ್ಕೆ ಕಾರಣ ಇದು.

ಎಷ್ಟೇ ಹಗುರ ಮಾಡಿದರೂ ನಿಲ್ಲಲು ಸ್ವಲ್ಪ ದೂರ ಬೇಕು, ಓಟ ಹಿಡಿಯಲೂ ಸ್ವಲ್ಪ ದೂರ ಬೇಕು. ಆ ದೂರದಲ್ಲಿ ಏನನ್ನೂ ಬರೆಯುವಂತಿಲ್ಲ. ಅದೇ ಎರಡು ಬ್ಲಾಕ್‌ಗಳ ನಡುವಿನ ತೆರಪು. ಐಬಿಎಂನ 729 ಸರಣಿಯ ಟೇಪುಗಳಲ್ಲಿ ಇದು ಮುಕ್ಕಾಲು ಇಂಚು.

ಮುಕ್ಕಾಲು ಇಂಚು ತಾನೇ, ಏನು ಮಹಾ ಅನ್ನಬೇಡಿ. ಆಗ ಮಾಹಿತಿಯೆಲ್ಲ ಬರುತ್ತಿದ್ದದ್ದು ತೂತು ಹೊಡೆದ ಕಾರ್ಡ್‌ಗಳಿಂದ, ಒಂದು ಕಾರ್ಡಿಗೆ 80 ಅಕ್ಷರ. ಇಂಚಿಗೆ 200 ಅಕ್ಷರ ಬರೆಯುವ ಟೇಪಿನಲ್ಲಿ ಒಂದು ಕಾರ್ಡು 0.4 ಇಂಚು. ಅದರ ಬೆನ್ನಿಗೆ 0.75 ಇಂಚು ಖಾಲಿ. ಅಂದರೆ ಮೂರರಲ್ಲಿ ಎರಡು ಪಾಲು ಟೇಪು ಬೋಳು. 2400 ಅಡಿಯ ಸುರುಳಿಯಲ್ಲಿ ಸುಮಾರು 25 ಸಾವಿರ ಕಾರ್ಡು ಹಿಡಿಯಿತು ಎನ್ನಿ. ಮುಂದೆ ತಂತ್ರಜ್ಞಾನ ಬೆಳೆದು ಇಂಚಿಗೆ 800 ಅಕ್ಷರ ಆಯಿತು. ನಾಲ್ಕು ಪಟ್ಟು! ಕಾರ್ಡುಗಳೂ ನಾಲ್ಕು ಪಟ್ಟು, ಒಂದು ಲಕ್ಷ ಹಿಡಿಯಬೇಕಲ್ಲ? ಹಿಡಿದದ್ದು ಸುಮಾರು 34 ಸಾವಿರ. ಏಕೆಂದರೆ ಕಾರ್ಡು 0.4ರಿಂದ 0.1 ಇಂಚಿಗೆ ಕುಗ್ಗಿತು, ತೆರಪು ಮಾತ್ರ ಮುಕ್ಕಾಲು ಇಂಚಾಗಿಯೇ ಕುಳಿತಿತ್ತು.

1964ರಲ್ಲಿ ಸಿಸ್ಟಂ/360 ಬಂದಾಗ ಒಂಬತ್ತು ಸಾಲಿನ ಟೇಪು ಬಂತು. ತೆರಪು 0.6 ಇಂಚಿಗೆ ಇಳಿಯಿತು. ಅದರಲ್ಲಿ ಸಾಂದ್ರತೆ 800ರಿಂದ 1600ಕ್ಕೆ ಏರಿದಾಗ ಒಂಟಿ ಕಾರ್ಡುಗಳ ಲೆಕ್ಕ ಸುರುಳಿಗೆ ಸುಮಾರು 41 ಸಾವಿರದಿಂದ 44 ಸಾವಿರಕ್ಕೆ ಬಂತು, ಅಷ್ಟೇ. ದುಪ್ಪಟ್ಟು ಸಾಂದ್ರತೆಗೆ ಶೇಕಡಾ ಎಂಟರಷ್ಟು ಲಾಭ! ದುಡ್ಡು ಕೊಟ್ಟು ಹೊಸ ಡ್ರೈವ್ ತಂದವರ ಮುಖ ನೋಡಬೇಕಿತ್ತು. ಅದೇ 1600ರ ಟೇಪಿನಲ್ಲಿ ನೂರು ಕಾರ್ಡುಗಳನ್ನು ಒಂದು ಬ್ಲಾಕ್ ಮಾಡಿ ಬರೆದರೆ? ಐದು ಇಂಚು ಮಾಹಿತಿ, ಮತ್ತೆ 0.6 ಇಂಚು ತೆರಪು. ಸುರುಳಿಯಲ್ಲಿ ಐದು ಲಕ್ಷದ ಮೇಲೆ ಕಾರ್ಡು. ಮೂರೂವರೆ ಮೆಗಾಬೈಟ್ ಹಿಡಿಯುತ್ತಿದ್ದ ಜಾಗದಲ್ಲಿ 41 ಮೆಗಾಬೈಟ್. ಹೊಸ ಯಂತ್ರ ಬೇಡ, ಹೊಸ ಟೇಪು ಬೇಡ, ಬರೇ ಕಟ್ಟುವ ಕ್ರಮ ಬದಲಾಯಿಸಿದರೆ ಸಾಕು.

ಇದನ್ನು ಓದುವಾಗ ನನಗೆ ನೆನಪಾದದ್ದು ಮೂಡುಬಿದಿರೆಯ ಓಲೆಗರಿಗಳು. ಸಂಬಂಧವಿಲ್ಲದ ಮಾತು ಅನ್ನಿಸಬಹುದು, ಸ್ವಲ್ಪ ತಾಳಿ.

ನಮ್ಮೂರಿನ ಕಡೆಯಿಂದ ಗುರುವಾಯನಕೆರೆ, ವೇಣೂರು ದಾಟಿ ಹೋದರೆ ಮೂಡುಬಿದಿರೆ. ಎಲ್ಲರೂ ನೋಡಲು ಹೋಗುವುದು ಸಾವಿರ ಕಂಬದ ಬಸದಿಯನ್ನು. ಗ್ರಂಥಪ್ರಿಯರಿಗೆ ಮಾತ್ರ ಗುರುಬಸದಿ ದೊಡ್ಡದು. ಷಟ್ಖಂಡಾಗಮಕ್ಕೆ ವೀರಸೇನರು ಬರೆದ 'ಧವಲಾ' ಟೀಕೆ ಶತಮಾನಗಳ ಕಾಲ ಉಳಿದದ್ದು ಇಲ್ಲಿನ ಹಳಗನ್ನಡ ಲಿಪಿಯ ತಾಡಓಲೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದರ ಪ್ರತಿ ಎತ್ತುವ ಕೆಲಸ ಶುರುವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ಅಚ್ಚಾಯಿತು. ಈ ಟೀಕೆಯ ಗಾತ್ರವನ್ನು ಪರಂಪರೆಯಲ್ಲಿ 72,000 ಗ್ರಂಥ ಎನ್ನುತ್ತಾರೆ. ಇಲ್ಲಿ 'ಗ್ರಂಥ' ಅಂದರೆ ಪುಸ್ತಕ ಅಲ್ಲ, 32 ಅಕ್ಷರಗಳ ಒಂದು ಅಳತೆ. ಅನುಷ್ಟುಪ್ ಶ್ಲೋಕದಲ್ಲಿ ಇರುವಷ್ಟು. ಪದ್ಯವಾಗಲಿ ಗದ್ಯವಾಗಲಿ, ಕೃತಿ ಎಷ್ಟುದ್ದ ಎಂಬುದನ್ನು ಈ ಅಳತೆಯಲ್ಲೇ ಹೇಳುತ್ತಿದ್ದರು. ಬೈಟ್ ಎಣಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ! 72,000 ಗ್ರಂಥ ಅಂದರೆ 23 ಲಕ್ಷ ಅಕ್ಷರ.

ಅಷ್ಟು ದೊಡ್ಡ ಕೃತಿಗೆ ಅದರದೇ ಕಟ್ಟು ಬೇಕು. ಮೇಲೆ ಕೆಳಗೆ ಮರದ ಹಲಗೆ, ದಾರ, ಸುತ್ತುವ ಬಟ್ಟೆ. ಎಂಟು ಪದ್ಯದ ಒಂದು ಸ್ತೋತ್ರಕ್ಕೆ? ಅದಕ್ಕೂ ಎರಡು ಹಲಗೆ ಕೊಯ್ದು, ದಾರ ಪೋಣಿಸಿ, ಬಟ್ಟೆ ಸುತ್ತಿದರೆ ಓಲೆಗಿಂತ ಹಲಗೆಯ ತೂಕವೇ ಹೆಚ್ಚು. ಹಾಗಾಗಿ ಸಣ್ಣ ಕೃತಿಗಳು ಒಂಟಿಯಾಗಿ ಬದುಕಲಿಲ್ಲ. ಹತ್ತಾರು ಸ್ತೋತ್ರ, ಒಂದಿಷ್ಟು ವೈದ್ಯ, ಒಂದಿಷ್ಟು ಜ್ಯೋತಿಷ, ಎಲ್ಲ ಸೇರಿ ಒಂದು ಕಟ್ಟು. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮುಂತಾದ ಕಡೆಯ ಭಂಡಾರಗಳ ತಾಡಪತ್ರಗಳಿಗೆ ಗ್ರಂಥಸೂಚಿ ಮಾಡಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟಿಸಿದರು. ಇಂಥ ಸೂಚಿ ಮಾಡುವವರಿಗೆ ಕಟ್ಟು ಎಣಿಸುವುದು ಒಂದು ಕೆಲಸ, ಕಟ್ಟಿನೊಳಗಿನ ಕೃತಿಗಳನ್ನು ಎಣಿಸುವುದು ಇನ್ನೊಂದು ಕೆಲಸ. ಒಂದು ಬ್ಲಾಕ್, ಹಲವು ರೆಕಾರ್ಡ್.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದಾಗ ಹಳೆಯ ಕಾರುಗಳ ಕಡೆಗೆ ಓಡುವ ಮೊದಲು ಅಲ್ಲಿನ ಓಲೆಗರಿಗಳನ್ನು ಒಮ್ಮೆ ನಿಂತು ನೋಡಿ. ಒಂದು ಗರಿಯ ಮೇಲೂ ತುದಿಯಿಂದ ತುದಿಗೆ ಬರೆದಿರುವುದಿಲ್ಲ. ಎರಡು ಅಂಚಿನಲ್ಲಿ ಜಾಗ ಬಿಟ್ಟಿರುತ್ತಾರೆ, ದಾರದ ತೂತಿನ ಸುತ್ತ ಜಾಗ ಬಿಟ್ಟಿರುತ್ತಾರೆ, ಅಂಚಿನಲ್ಲಿ ಗರಿಯ ಸಂಖ್ಯೆ. ದಾರ ಉಜ್ಜಿ ಉಜ್ಜಿ ತೂತಿನ ಸುತ್ತ ಓಲೆ ಸವೆಯುತ್ತದೆ, ಕೈ ಹಿಡಿದು ಹಿಡಿದು ಅಂಚು ಮುಕ್ಕಾಗುತ್ತದೆ. ಅಲ್ಲಿ ಅಕ್ಷರವಿದ್ದರೆ ಮೊದಲು ಹೋಗುವುದು ಅದೇ. ಆ ಖಾಲಿ ಜಾಗ ದಂಡ ಅಲ್ಲ, ಅದಿದ್ದದ್ದರಿಂದಲೇ ಉಳಿದದ್ದು ಓದಲು ಸಿಕ್ಕಿತು. ಗರಿ ಸಂಖ್ಯೆಯೂ ಕೃತಿಯ ಭಾಗವಲ್ಲ, ಆದರೆ ದಾರ ಕಡಿದು ಗರಿಗಳು ಚೆಲ್ಲಾಪಿಲ್ಲಿಯಾದ ದಿನ ಯಾವುದು ಕಾಣೆಯಾಗಿದೆ ಎಂದು ಹೇಳುವುದು ಅದೊಂದೇ.

ಈ ಗರಿ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಡಿಸ್ಕಿಗೆ ಬನ್ನಿ.

ಸಿಸ್ಟಂ/360ರ ಜೊತೆ ಐಬಿಎಂ ಡಿಸ್ಕಿನಲ್ಲಿ ಬರೆಯುವ ಒಂದು ಹೊಸ ಕ್ರಮ ತಂದಿತು. ಹೆಸರು ಕೌಂಟ್-ಕೀ-ಡೇಟಾ. ಇಂದಿನ ನಮ್ಮ ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಎಲ್ಲ ಚೌಕವೂ ಒಂದೇ ಅಳತೆ. ಅದರಲ್ಲಿ ಹಾಗಲ್ಲ, ಬ್ಲಾಕ್ ಎಷ್ಟುದ್ದ ಬೇಕಾದರೂ ಇರಬಹುದು. ಆದರೆ ಪ್ರತಿ ಬ್ಲಾಕಿನ ಮುಂದೆ 8 ಬೈಟಿನ ಒಂದು 'ಕೌಂಟ್' ಇರಲೇಬೇಕು: ಯಾವ ಸಿಲಿಂಡರ್, ಯಾವ ಹೆಡ್, ಎಷ್ಟನೆಯ ಬ್ಲಾಕ್, ಕೀ ಎಷ್ಟುದ್ದ, ಮಾಹಿತಿ ಎಷ್ಟುದ್ದ. ಥೇಟ್ ಗರಿ ಸಂಖ್ಯೆ! ಕೌಂಟ್ ಆದ ಮೇಲೆ ಸ್ವಲ್ಪ ತೆರಪು, ಆಮೇಲೆ ಮಾಹಿತಿ, ತಪ್ಪು ಹಿಡಿಯುವ ಕೆಲವು ಬೈಟ್, ಮತ್ತೆ ತೆರಪು. ಡಿಸ್ಕು ಟೇಪಿನ ಹಾಗೆ ನಿಂತು ಹೊರಡುವುದಿಲ್ಲ, ಒಂದೇ ಸಮ ತಿರುಗುತ್ತದೆ. ಮತ್ತೆ ತೆರಪು ಯಾಕೆ? ಕೌಂಟ್ ಓದಿ, 'ನನಗೆ ಬೇಕಾದದ್ದು ಇದೇ ಹೌದಾ' ಎಂದು ತೀರ್ಮಾನಿಸಿ, ಓದುವುದನ್ನು ಬಿಟ್ಟು ಬರೆಯುವುದಕ್ಕೆ ತಿರುಗಲು ಯಂತ್ರಕ್ಕೆ ಒಂದಿಷ್ಟು ಸಮಯ ಬೇಕು. ಆ ಸಮಯದಲ್ಲಿ ತಟ್ಟೆ ತಿರುಗಿ ಮುಂದೆ ಹೋಗಿರುತ್ತದೆ. ತೆರಪು ಅಂದರೆ ಯೋಚಿಸುವುದಕ್ಕೆ ಕೊಟ್ಟ ಸಮಯ.

ಇಲ್ಲೇ ಮಜಾ ಇರುವುದು. ಸಾಂದ್ರತೆ ಹೆಚ್ಚಿದ ಹಾಗೆ, ಅಷ್ಟೇ ಸಮಯದಲ್ಲಿ ಹೆಡ್ಡಿನ ಕೆಳಗೆ ಹಾದುಹೋಗುವ ಬೈಟ್‌ಗಳು ಹೆಚ್ಚು. ಹಾಗಾಗಿ ಯೋಚಿಸುವ ಸಮಯದ ಬೆಲೆ ಬೈಟ್ ಲೆಕ್ಕದಲ್ಲಿ ಏರುತ್ತಾ ಹೋಯಿತು. 1970ರ 3330 ಡಿಸ್ಕಿನ ಟ್ರ್ಯಾಕ್ 13,030 ಬೈಟ್. 80 ಬೈಟಿನ ಒಂಟಿ ಬ್ಲಾಕ್‌ಗಳು ಹಿಡಿದದ್ದು 61. 1975ರ 3350ರ ಟ್ರ್ಯಾಕ್ 19,069 ಬೈಟ್, ಬ್ಲಾಕ್‌ಗಳು 72. 1980ರ 3380ರ ಟ್ರ್ಯಾಕ್ ಎರಡೂವರೆ ಪಟ್ಟು ಹಿಗ್ಗಿ 47,476 ಆಯಿತು, ಬ್ಲಾಕ್ ಮಾತ್ರ 83. ಕೊನೆಗೆ ಬಂದ 3390ರಲ್ಲಿ ಟ್ರ್ಯಾಕ್ ಇನ್ನೂ ದೊಡ್ಡದು, 56,664. ಬ್ಲಾಕ್ ಎಷ್ಟು? 78!

ಎರಡು ಸಲ ಓದಿಕೊಳ್ಳಿ. ಹೊಸ ಡಿಸ್ಕು, ದೊಡ್ಡ ಟ್ರ್ಯಾಕ್, ಆದರೆ ಸಣ್ಣ ಬ್ಲಾಕ್‌ಗಳು ಹಳೆಯದಕ್ಕಿಂತ ಕಡಿಮೆ. 3330ರ ಕಾಲದಲ್ಲಿ ಒಂಟಿ ಕಾರ್ಡುಗಳನ್ನು ಬರೆದವನು ಟ್ರ್ಯಾಕಿನ ಶೇಕಡಾ 37ನ್ನಾದರೂ ಬಳಸುತ್ತಿದ್ದ. 3390ರಲ್ಲಿ ಅವನ ಪಾಲಿಗೆ ಬಂದದ್ದು ಶೇಕಡಾ 11. ಅದೇ ಕಾರ್ಡುಗಳನ್ನು 349ರಂತೆ ಕಟ್ಟಿ 27,920 ಬೈಟಿನ ಬ್ಲಾಕ್ ಮಾಡಿದರೆ ಟ್ರ್ಯಾಕಿಗೆ ಎರಡು ಬ್ಲಾಕ್, 698 ಕಾರ್ಡು. ಹತ್ತು ಲಕ್ಷ ರೆಕಾರ್ಡುಗಳ ಫೈಲಿಗೆ ಒಂದು ದಾರಿಯಲ್ಲಿ 855 ಸಿಲಿಂಡರ್, ಇನ್ನೊಂದು ದಾರಿಯಲ್ಲಿ 96. ಓದಲು ಒಂದು ದಾರಿಯಲ್ಲಿ ಹತ್ತು ಲಕ್ಷ ಬ್ಲಾಕ್, ಇನ್ನೊಂದರಲ್ಲಿ ಮೂರು ಸಾವಿರಕ್ಕೂ ಕಡಿಮೆ. ರಾತ್ರಿ ಹನ್ನೊಂದಕ್ಕೆ ಶುರುವಾದ ಬ್ಯಾಚ್ ಕೆಲಸ ಬೆಳಗ್ಗೆ ಬ್ಯಾಂಕ್ ಬಾಗಿಲು ತೆರೆಯುವ ಹೊತ್ತಿಗೆ ಮುಗಿಯುತ್ತದೋ ಇಲ್ಲವೋ ಎಂಬುದು ಇಂಥ ಒಂದು ಸಂಖ್ಯೆಯ ಮೇಲೆ ನಿಂತಿರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಯಾರಾದರೂ ಒಂಟಿ ಬ್ಲಾಕ್ ಬರೆಯುತ್ತಾರಾ? ಬರೆಯುತ್ತಾರೆ, ಗೊತ್ತಿಲ್ಲದೆಯೇ. ಐಬಿಎಂನ ಕೋಬಾಲ್‌ನಲ್ಲಿ 'ಬ್ಲಾಕ್ ಕಂಟೈನ್ಸ್' ಎಂಬ ಒಂದು ಸಾಲು ಬರೆಯದೆ ಬಿಟ್ಟರೆ, ಒಂದು ಬ್ಲಾಕಿಗೆ ಒಂದೇ ರೆಕಾರ್ಡ್ ಎಂದು ಕಂಪೈಲರ್ ಭಾವಿಸುತ್ತಿತ್ತು. ಬಾಯಿ ಮುಚ್ಚಿ ಕೂತರೆ ಅತ್ಯಂತ ದುಬಾರಿ ದಾರಿ! ಬ್ಲಾಕ್ ಅಳತೆಯನ್ನು ಸಿಸ್ಟಮ್ಮೇ ಆರಿಸಿಕೊಳ್ಳುವ ಸೌಲಭ್ಯ 1980ರ ದಶಕದ ಕೊನೆಗೇ ಬಂದಿತ್ತು, ಆದರೆ ಅದನ್ನು ಕೇಳಿ ಪಡೆಯಬೇಕಿತ್ತು. ಸಾಲು ಬಿಟ್ಟುಹೋದರೂ ಕಟ್ಟಿ ಬರೆ ಎಂದು ಕಂಪೈಲರಿಗೆ ಒಂದೇ ಮಾತಿನಲ್ಲಿ ಹೇಳುವ ಆಯ್ಕೆ ಬಂದದ್ದು 2009ರ ಆವೃತ್ತಿಯಲ್ಲಿ. ಅಷ್ಟರಲ್ಲಿ ಎಷ್ಟು ಡಿಸ್ಕು ಖಾಲಿ ತೆರಪಿನಿಂದಲೇ ತುಂಬಿತ್ತೋ ದೇವರೇ ಬಲ್ಲ.

ಇನ್ನು ತೀರಾ ಸಣ್ಣ ಬ್ಲಾಕ್‌ಗಳ ಕಥೆ. ಇದು ದಂಡದ ಜಾಗದ ಪ್ರಶ್ನೆ ಅಲ್ಲ, ಜೀವನ್ಮರಣದ ಪ್ರಶ್ನೆ.

ಟೇಪಿನ ತೆರಪು ಪೂರ್ತಿ ಖಾಲಿ ಇರಬೇಕು ಎಂಬುದು ಲೆಕ್ಕ. ಆದರೆ ಧೂಳು, ಗೀರು, ಸರಿಯಾಗಿ ಅಳಿಸದ ಹಳೆಯ ಚೂರು, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಓದುವ ಹೆಡ್ಡಿಗೆ ಅದು ಎರಡು ಮೂರು ಬೈಟಿನ ಬ್ಲಾಕಿನ ಹಾಗೆ ಕಾಣಿಸುತ್ತದೆ. ಅದಕ್ಕಾಗಿ ಮೈನ್‌ಫ್ರೇಮಿನ ತಪ್ಪು ಸರಿಪಡಿಸುವ ತಂತ್ರಾಂಶಕ್ಕೆ ಒಂದು ನಿಯಮ ಹಾಕಿದ್ದರು: ಓದುವಾಗ ತಪ್ಪು ಕಂಡು, ಸಿಕ್ಕಿದ್ದು 12 ಬೈಟಿಗಿಂತ ಕಡಿಮೆ ಇದ್ದರೆ ಅದು ಮಾಹಿತಿ ಅಲ್ಲ, ಬರೇ 'ಸದ್ದು', ಬಿಟ್ಟು ಮುಂದೆ ಹೋಗು. ಅಮೆರಿಕದ ಟೇಪ್ ಮಾನಕವೂ ಬ್ಲಾಕ್ ಅಂದರೆ ಕನಿಷ್ಠ 18 ಅಕ್ಷರ ಇರಬೇಕು ಎಂದಿತು. ಅದಕ್ಕಿಂತ ಸಣ್ಣದಿದ್ದರೆ ಏನಾದರೂ ತುಂಬಿಸಿ ಉದ್ದ ಮಾಡಿ ಬರೆಯಬೇಕು.

(ಯೂನಿಕೋಡ್ ಮಿತ್ರರಿಗೆ ಒಂದು ತಮಾಷೆ. ನಾವು ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಬಂಟ್ವಾಳ' 21 ಬೈಟ್, ಆರಾಮಾಗಿ ಪಾಸು. 'ವೇಣೂರು' ಸರಿಯಾಗಿ 18, ಗಡಿಯಲ್ಲಿ ಬಚಾವು. ನಮ್ಮ ಪಕ್ಕದ 'ಕಡಬ' ಬರೇ 9. ಟೇಪು ಸ್ವಲ್ಪ ಹಳತಾಗಿದ್ದರೆ ಇಡೀ ಕಡಬವೇ 'ಸದ್ದು' ಎಂದು ಮಾಯ! ಕಡಬದ ಸ್ನೇಹಿತರು ಕ್ಷಮಿಸಬೇಕು.)

ಡಿಸ್ಕಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಒಂದು ಬೈಟಿನ ಬ್ಲಾಕಿಗೂ ಮುಂದೆ ಕೌಂಟ್ ಎಂಬ ಸಾಕ್ಷಿ ಇರುತ್ತದೆ. ಸೊನ್ನೆ ಬೈಟಿನ ಬ್ಲಾಕಿಗೂ! ಕೌಂಟ್‌ನಲ್ಲಿ ಮಾಹಿತಿಯ ಉದ್ದ ಸೊನ್ನೆ ಎಂದಿದ್ದರೆ 'ಫೈಲು ಇಲ್ಲಿಗೆ ಮುಗಿಯಿತು' ಎಂದು ಅರ್ಥ. ಏನೂ ಇಲ್ಲದ ಬ್ಲಾಕಿಗೆ ಎಲ್ಲಕ್ಕಿಂತ ದೊಡ್ಡ ಅರ್ಥ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಟೇಪಿನ 'ಸದ್ದು' ನಿಯಮದ ಬಿಸಿ ನನಗೆ ನೇರವಾಗಿ ತಟ್ಟಿದ್ದು 2002ರ ಸುಮಾರಿಗೆ. ಹೊರದೇಶದ ಒಂದು ಸಂಸ್ಥೆ, ಹೆಸರು ಬೇಡ, ತನ್ನ ಹಳೆಯ ಸುರುಳಿ ಟೇಪುಗಳನ್ನು ಕಾರ್ಟ್ರಿಜ್‌ಗಳಿಗೆ ವರ್ಗಾಯಿಸುವ ಕೆಲಸವನ್ನು ಬೆಂಗಳೂರಿನ ನಮ್ಮ ತಂಡಕ್ಕೆ ಕೊಟ್ಟಿತ್ತು. ನೌಕರರ ಪಿಂಚಣಿ ವಂತಿಗೆಯ ಲೆಕ್ಕಗಳು. ಬರೆದದ್ದು ಬೇರೆ ಯಾವುದೋ ಸಣ್ಣ ತಯಾರಿಕೆಯ ಯಂತ್ರ. ಅದು ಪ್ರತಿ ಫೈಲಿನ ಕೊನೆಗೆ, ಒಟ್ಟು ಎಷ್ಟು ರೆಕಾರ್ಡ್ ಬರೆದೆ ಎಂಬುದನ್ನು 10 ಅಂಕಿಗಳ ಪ್ರತ್ಯೇಕ ಬ್ಲಾಕ್ ಆಗಿ ಬರೆದಿತ್ತು. ಹತ್ತು ಬೈಟ್. ಟೇಪು ಹಳತಾದಲ್ಲೆಲ್ಲ ದೊಡ್ಡ ಬ್ಲಾಕ್‌ಗಳು ಓದಲಾಗದಿದ್ದರೆ ಯಂತ್ರ ಬೊಬ್ಬೆ ಹೊಡೆದು ನಿಲ್ಲುತ್ತಿತ್ತು, ನಾವು ಇನ್ನೊಂದು ಡ್ರೈವ್‌ನಲ್ಲಿ ಪ್ರಯತ್ನಿಸುತ್ತಿದ್ದೆವು. ಈ ಹತ್ತು ಬೈಟ್ ಓದಲಾಗದಿದ್ದರೆ ಮಾತ್ರ ಯಂತ್ರ ಸದ್ದಿಲ್ಲದೆ ದಾಟಿಬಿಡುತ್ತಿತ್ತು. ಬಂದಷ್ಟು ಬಂತು, ಆದರೆ ಪೂರ್ತಿ ಬಂತೇ ಎಂದು ಹೇಳುವ ಒಂದೇ ಒಂದು ಸಾಕ್ಷಿ ಕೈಬಿಟ್ಟಿತ್ತು. ಆ ಸಂಸ್ಥೆಯ ಮೇಲಿನವರೋ 'ವರ್ಗಾವಣೆ ದೋಷರಹಿತ' ಎಂಬ ವರದಿ ನೋಡಿ ಹಳೆಯ ಟೇಪುಗಳನ್ನು ಎಸೆಯಲು ತಯಾರಾಗಿದ್ದರು.

ನಮ್ಮ ತಂಡದ ಹಿರಿಯರೊಬ್ಬರು ಹಟ ಹಿಡಿದದ್ದರಿಂದ ಅದು ನಿಂತಿತು. ಹಳೆಯ ಮುದ್ರಿತ ಪಟ್ಟಿಗಳನ್ನು ತರಿಸಿ, ಕೊನೆಯ ಪುಟದ ಮೊತ್ತಗಳನ್ನು ಒಂದೊಂದಾಗಿ ತಾಳೆ ನೋಡಲು ನಮಗೆ ಆರು ವಾರ ಬೇಕಾಯಿತು. ಎರಡು ಫೈಲುಗಳಲ್ಲಿ ನಿಜಕ್ಕೂ ಬ್ಲಾಕ್‌ಗಳು ಕಾಣೆಯಾಗಿದ್ದವು. ಬ್ಲಾಕಿಗೆ ಐವತ್ತು ರೆಕಾರ್ಡಿನಂತೆ. ಅಂದರೆ ಒಂದು ಬ್ಲಾಕ್ ಹೋದರೆ ಐವತ್ತು ಮಂದಿ ಮುದುಕರ ಪಿಂಚಣಿ. ಸುರುಳಿಗಳು ಇನ್ನೂ ಇದ್ದದ್ದರಿಂದ ಮತ್ತೆ ಓದಿಸಿ ತರಲಾಯಿತು.

ಕಟ್ಟಿ ಬರೆಯುವುದರ ಇನ್ನೊಂದು ಮುಖ ಇದು. ಜಾಗ ಉಳಿಯುತ್ತದೆ, ಸಮಯ ಉಳಿಯುತ್ತದೆ, ಹೋದರೆ ಮಾತ್ರ ಕಟ್ಟುಕಟ್ಟಾಗಿ ಹೋಗುತ್ತದೆ. ಇದು ನಮ್ಮ ಜಿಲ್ಲೆಯ ಜನರಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ. (ಐಬಿಎಂ 80 ಅಂಕಣದ ಕಾರ್ಡು ತಂದದ್ದೂ 1928ರಲ್ಲೇ!) ಎರಡಾಣೆ ಕಟ್ಟಲು ಬೀಡಿ ಕಟ್ಟುವ ಹೆಂಗಸು ದಿನಾ ಬ್ಯಾಂಕಿಗೆ ನಡೆದು, ಸಾಲಿನಲ್ಲಿ ನಿಂತು, ಚಲನ್ ಬರೆದರೆ ಅವಳ ಅರ್ಧ ದಿನದ ಕೂಲಿ ಹೋಯಿತು. ಗುಮಾಸ್ತನ ಸಮಯದ ಬೆಲೆ ಎರಡಾಣೆಗಿಂತ ಹೆಚ್ಚು. ಹಾಗಾಗಿ ಏಜೆಂಟ್ ಮನೆಮನೆಗೆ ಬಂದು ಸಂಗ್ರಹಿಸಿ, ಎಲ್ಲ ಸೇರಿಸಿ ಒಟ್ಟಿಗೆ ಬ್ಯಾಂಕಿಗೆ ಕಟ್ಟುತ್ತಾನೆ. ಪಿಗ್ಮಿ ಏಜೆಂಟ್ ಅಂದರೆ ನಡೆದಾಡುವ ಬಫರ್. ಮನೆಯಂಗಳದಿಂದ ಬ್ಯಾಂಕಿನ ಕೌಂಟರ್ ತನಕ ಆ ದುಡ್ಡು ಅವನ ಚೀಲದಲ್ಲಿದೆ, ಲೆಡ್ಜರಿನಲ್ಲಿಲ್ಲ. ಚೀಲ ಕಳೆದರೆ ಒಬ್ಬರದಲ್ಲ, ಆ ಕೇರಿಯ ಎಲ್ಲರದ್ದೂ ಹೋಯಿತು. ಅದಕ್ಕೇ ಪ್ರತಿ ಮನೆಯಲ್ಲೂ ದುಡ್ಡು ಕೊಟ್ಟದ್ದಕ್ಕೆ ಗುರುತು ಹಾಕಿಸಿಕೊಳ್ಳುತ್ತಿದ್ದದ್ದು. ಕಂಪ್ಯೂಟರಿನಲ್ಲಿ ಬ್ಲಾಕ್ ತುಂಬುವ ತನಕ ರೆಕಾರ್ಡ್‌ಗಳು ಮೆಮೊರಿಯಲ್ಲಿ ಕಾಯುತ್ತವೆ. ಅಷ್ಟರಲ್ಲಿ ಕರೆಂಟು ಹೋದರೆ ಚೀಲ ಕಳೆದ ಹಾಗೆಯೇ.

ಮತ್ತೆ ದಿನದ ಕೊನೆಗೆ ಚೀಲ ಅರ್ಧ ತುಂಬಿದ್ದರೂ ಬ್ಯಾಂಕಿಗೆ ಹೋಗಲೇಬೇಕಲ್ಲ? ಫೈಲಿನ ಕೊನೆಯ ಬ್ಲಾಕ್ ಹೀಗೆಯೇ ಗಿಡ್ಡವಾಗುತ್ತದೆ. ಕೊನೆಯಲ್ಲಿದ್ದರೆ ಚಿಂತೆಯಿಲ್ಲ. ನಾಳೆ ಅದೇ ಫೈಲಿಗೆ ಇನ್ನಷ್ಟು ಸೇರಿಸಿದರೆ ಗಿಡ್ಡ ಬ್ಲಾಕ್ ನಡುವೆ ಸಿಕ್ಕಿಕೊಳ್ಳುತ್ತದೆ. ದಿನಾ ನಾಲ್ಕು ರೆಕಾರ್ಡ್ ಸೇರಿಸುವ ಫೈಲಾದರೆ ವರ್ಷದ ಕೊನೆಗೆ ತುಂಬ ಗಿಡ್ಡ ಬ್ಲಾಕ್‌ಗಳೇ. ಒಮ್ಮೆ ಪೂರ್ತಿ ನಕಲು ಮಾಡಿದರೆ ಎಲ್ಲ ಸಾಲಾಗಿ ಕೂರುತ್ತವೆ.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ. 1973ರಲ್ಲಿ ಟೇಪಿನ ಸಾಂದ್ರತೆ 6250ಕ್ಕೆ, ತೆರಪು 0.3 ಇಂಚಿಗೆ ಬಂತು. ಒಂಟಿ ಕಾರ್ಡುಗಳು ದುಪ್ಪಟ್ಟಾದವು. ಆ ಲಾಭ ಬಂದದ್ದು ಹೆಚ್ಚುಕಡಿಮೆ ಪೂರ್ತಿ ತೆರಪು ಅರ್ಧವಾದದ್ದರಿಂದ. 1984ರ 3480 ಕಾರ್ಟ್ರಿಜ್ ಆದ ಮೇಲೆ ಡ್ರೈವ್‌ಗಳಿಗೇ ಬುದ್ಧಿ ಬರತೊಡಗಿತು. ಇಂದಿನ ಎಲ್‌ಟಿಒ ಟೇಪುಗಳಲ್ಲಿ, 2000ದ ಮೊದಲ ಪೀಳಿಗೆಯಿಂದಲೇ, ನಾವು ಕೊಟ್ಟ ಸಣ್ಣ ಬ್ಲಾಕ್‌ಗಳನ್ನು ಡ್ರೈವೇ ಒಟ್ಟು ಸೇರಿಸಿ ದೊಡ್ಡ ಗಂಟು ಮಾಡಿ ಬರೆಯುತ್ತದೆ. ಮೊದಲ ಪೀಳಿಗೆಯಲ್ಲಿ ಆ ಗಂಟು ಸುಮಾರು ನಾಲ್ಕು ಲಕ್ಷ ಬೈಟ್. ನಮ್ಮ ಬ್ಲಾಕ್ ಎಲ್ಲಿ ಮುಗಿಯಿತು ಎಂಬುದಕ್ಕೆ ಒಳಗೊಂದು ಸಣ್ಣ ಗುರುತು ಮಾತ್ರ. ಯುನಿಕ್ಸಿನವರು ಇದೇ ಕೆಲಸವನ್ನು ತಂತ್ರಾಂಶದಲ್ಲಿ ಮಾಡಿದ್ದರು. ನೀವು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ 'ಟಾರ್' ಫೈಲ್ ಇದೆಯಲ್ಲ, ಅದರ ಹೆಸರಿನ ಅರ್ಥವೇ ಟೇಪ್ ಭಂಡಾರ. ಒಂದೇ ಬೈಟಿನ ಒಂದು ಫೈಲನ್ನು ಟಾರ್ ಮಾಡಿ ನೋಡಿ. 512 ಬೈಟಿನ ತಲೆಪಟ್ಟಿ, 512 ಬೈಟಿನ ಮಾಹಿತಿ, ಉಳಿದದ್ದು ಸೊನ್ನೆಗಳು. ಸಾಮಾನ್ಯವಾಗಿ ಒಟ್ಟು 10,240 ಬೈಟ್. ಯಾಕೆ ಅಷ್ಟು? 512ರ ಇಪ್ಪತ್ತು ತುಂಡು ಒಂದು ಟೇಪ್ ಬ್ಲಾಕ್ ಎಂದು 1970ರ ದಶಕದಲ್ಲಿ ಯಾರೋ ಲೆಕ್ಕ ಹಾಕಿದ್ದರು. ಟೇಪನ್ನು ಕಣ್ಣಲ್ಲೂ ನೋಡದ ಹುಡುಗರ ಲ್ಯಾಪ್‌ಟಾಪಿನಲ್ಲೂ ಆ ದೋಣಿ ಅದೇ ಅಳತೆಯಲ್ಲಿ ತೇಲುತ್ತಿದೆ.

ಡಿಸ್ಕಿನ ಕಥೆ ಇನ್ನೂ ವಿಚಿತ್ರ. 1979ರಲ್ಲೇ ಐಬಿಎಂ ಎಲ್ಲ ಚೌಕವೂ 512 ಬೈಟ್ ಆಗಿರುವ ಡಿಸ್ಕುಗಳನ್ನು ತಂದಿತ್ತು. ದೊಡ್ಡ ಮೈನ್‌ಫ್ರೇಮುಗಳು ಮಾತ್ರ ಕೌಂಟ್-ಕೀ-ಡೇಟಾ ಬಿಡಲಿಲ್ಲ, ಏಕೆಂದರೆ ಅದನ್ನು ನಂಬಿ ಬರೆದ ಪ್ರೋಗ್ರಾಮುಗಳು ಅಷ್ಟಿದ್ದವು. 1990ರ ದಶಕದಲ್ಲಿ ನಿಜವಾದ 3390 ತಟ್ಟೆಗಳ ತಯಾರಿ ನಿಂತಿತು. ಅಂದಿನಿಂದ ಒಳಗಿರುವುದು ಸಾಮಾನ್ಯ ಡಿಸ್ಕುಗಳು, ಈಗಂತೂ ತಿರುಗುವ ತಟ್ಟೆಯೇ ಇಲ್ಲದ ಫ್ಲ್ಯಾಶ್. ಅವುಗಳ ಮುಂದೆ ಕೂತ ತಂತ್ರಾಂಶ 'ನಾನು 3390' ಎಂದು ವೇಷ ಕಟ್ಟುತ್ತದೆ. ವೇಷ ಅಂದರೆ ಯಕ್ಷಗಾನದ ವೇಷದಷ್ಟೇ ಕಟ್ಟುನಿಟ್ಟು. ತಟ್ಟೆಯಿಲ್ಲ, ಹೆಡ್ಡಿಲ್ಲ, ಯೋಚಿಸಲು ಸಮಯ ಕೊಡಬೇಕಾದ ತೆರಪೂ ಇಲ್ಲ. ಆದರೂ ಟ್ರ್ಯಾಕ್ 56,664 ಬೈಟೇ, ಸಿಲಿಂಡರಿಗೆ 15 ಟ್ರ್ಯಾಕೇ. ಒಂದು ಬೈಟಿನ ಬ್ಲಾಕ್‌ಗಳನ್ನು ಬರೆಯುತ್ತಾ ಹೋದರೆ 86 ಆದ ಕೂಡಲೇ ಇಲ್ಲದ ಟ್ರ್ಯಾಕ್ ತುಂಬಿತು ಎಂದು ಹೇಳಿ, ಎಂಬತ್ತೇಳನೆಯದನ್ನು ಇಲ್ಲದ ಇನ್ನೊಂದು ಟ್ರ್ಯಾಕಿಗೆ ಕಳಿಸುತ್ತದೆ.